ಇಂವ ನಮ್ಮ ಬಸು ಅಲ್ಲ

ಬೆಂಗಳೂರಿನ ನಮ್ಮ ರೂಮಿನಲ್ಲಿ ತಿಂಗಳಿಗೊಂದು ಶುಕ್ರವಾರ ರಾತ್ರಿ ಐದಾರು ಮಂದಿ ಸೇರಿ, ಗ್ವಾಡಿಗೆ ಪ್ರೊಜೆಕ್ಟರ್ ಬಿಟ್ಟು, ಐವತ್ತರ ದಶಕದ ಅಗ್ಗದ ಏಲಿಯನ್ ಸಿನಿಮಾ ನೋಡಿ ನಗೋದು ಒಂದು ಚಟ. 1953ರ 'ರೋಬೋಟ್ ಮಾನ್‌ಸ್ಟರ್' ನೋಡೀರೇನು? ಭೂಮಿಯನ್ನು ನಾಶ ಮಾಡಲು ಬಂದವನು ಗೊರಿಲ್ಲಾ ವೇಷದಲ್ಲಿದ್ದಾನೆ. ತಲೆಗೊಂದು ಹೆಲ್ಮೆಟ್, ಪಕ್ಕಕ್ಕೆ ಸೋಪಿನ ಗುಳ್ಳೆ ಬಿಡೋ ಮಷೀನು. ನಾಲ್ಕೇ ದಿನದಲ್ಲಿ ಶೂಟಿಂಗ್ ಮುಗಿಸಿದ್ದರಂತೆ. ನೋಡಿದ್ರ ನಾಲ್ಕು ದಿನ ಯಾಕ ಬೇಕಾಯ್ತು ಅನಸ್ತದ. ಎಡ್ ವುಡ್‌ನ 'ಪ್ಲಾನ್ 9 ಫ್ರಮ್ ಔಟರ್ ಸ್ಪೇಸ್' ಇನ್ನೂ ಮಜಾ. ಬೇಲಾ ಲುಗೋಸಿ 1956ರಲ್ಲೇ ತೀರಿಹೋಗಿದ್ದ. ಉಳಿದ ದೃಶ್ಯಗಳಿಗೆ ನಿರ್ದೇಶಕ ತನ್ನ ಹೆಂಡತಿಗೆ ಬೆನ್ನುನೋವಿನ ಚಿಕಿತ್ಸೆ ಕೊಡುತ್ತಿದ್ದವನನ್ನು ಕರಕೊಂಡು ಬಂದು, ಮುಖಕ್ಕೆ ಕರೀ ನಿಲುವಂಗಿ ಮುಚ್ಚಿಸಿ ನಡೆಸಿದ. ಒಬ್ಬನ ಜಾಗದಲ್ಲಿ ಇನ್ನೊಬ್ಬ. ನಾವು ಬಿದ್ದು ಬಿದ್ದು ನಕ್ಕಿದ್ದೆವು.

ಈ ಸಲ ಸಂಕ್ರಾಂತಿಗೆ ಊರಿಗೆ ಹೋದಾಗ ಆ ನಗು ನಿಂತಿತು. ನಮ್ಮ ಮನೆ ವಿಜಯಪುರದಾಗ, ಸಿದ್ಧೇಶ್ವರ ಗುಡಿಯ ಹತ್ತಿರ. ಜಾತ್ರಿ ದಿನ. ಹೊರಗ ನಂದಿಕೋಲು, ಡೊಳ್ಳು, ಮಂದಿ. ಒಳಗೆ ಆಯಿ, ಅಂದ್ರ ನಮ್ಮಪ್ಪನ ಅವ್ವ, ಮಂಚದ ಮೇಲೆ ಕುಂತಿದ್ದಳು. ಎರಡು ವರ್ಷದಿಂದ ಮರೆವಿನ ಕಾಯಿಲೆ. ಅಪ್ಪ ಎಳ್ಳು ಹೋಳಿಗಿ ತಾಟು ಹಿಡಕೊಂಡು ಬಂದರೆ ಆಕಿ ನನ್ನ ಕೈ ಹಿಡಿದು ಸಣ್ಣ ದನೀಲೆ ಅಂದಳು: "ಇಂವ ನಮ್ಮ ಬಸು ಅಲ್ಲ ಪಾ. ಬಸೂನಂಗ ಅದಾನ. ಬಸೂನ ಅಂಗೀನ ಹಾಕ್ಕೊಂಡಾನ."

ಆ ರಾತ್ರಿ ನಿದ್ದೆ ಬರಲಿಲ್ಲ. ಲ್ಯಾಪ್‌ಟಾಪಿನಲ್ಲಿ 'ಇನ್‌ವೇಶನ್ ಆಫ್ ದಿ ಬಾಡಿ ಸ್ನ್ಯಾಚರ್ಸ್' ಹಾಕಿದೆ. ಡಾನ್ ಸೀಗಲ್ ನಿರ್ದೇಶನದ 1956ರ ಕಪ್ಪು-ಬಿಳುಪು ಚಿತ್ರ. ಇದೂ ಕಡಿಮೆ ದುಡ್ಡಿನದೇ, ನಾಲ್ಕು ವಾರದೊಳಗೆ ತೆಗೆದದ್ದು. ಸಾಂತಾ ಮೀರಾ ಅನ್ನೋ ಸಣ್ಣ ಊರಿಗೆ ಡಾಕ್ಟರ್ ಮೈಲ್ಸ್ ವಾಪಸ್ ಬರುತ್ತಾನೆ. ಒಬ್ಬ ಹುಡುಗ ತನ್ನ ತಾಯಿ ತನ್ನ ತಾಯಿಯಲ್ಲ ಎಂದು ಚೀರುತ್ತಾನೆ. ವಿಲ್ಮಾ ಎಂಬ ಹೆಂಗಸು ತನ್ನ ಕಾಕಾ ತನ್ನ ಕಾಕಾ ಅಲ್ಲ ಅನ್ನುತ್ತಾಳೆ. ಆಕೆ ಮಾತಾಡುವಾಗ ಆ ಕಾಕಾ ಹಿಂದೆ ಹುಲ್ಲು ಕತ್ತರಿಸೋ ಯಂತ್ರ ತಳ್ಳಿಕೊಂಡು ಹೊಂಟಿರುತ್ತಾನೆ. ಮುಖ ಅದೇ, ಹಳೇ ನೆನಪು ಅವೇ. ಏನು ಇಲ್ಲ ಅಂದ್ರ, ಆಕೆಯ ಕಡೆ ನೋಡುವಾಗ ಕಣ್ಣಿನಲ್ಲಿ ಇರುತ್ತಿದ್ದ ಅದೊಂದು.

ಈ ದೃಶ್ಯಕ್ಕೆ ಎಷ್ಟು ಖರ್ಚಾಗಿರಬಹುದು? ಒಬ್ಬ ಮುದುಕ, ಒಂದು ಹುಲ್ಲುಹಾಸು. ಗೊರಿಲ್ಲಾ ವೇಷಕ್ಕಿಂತ ಕಡಿಮೆ. ಅಗ್ಗದ ಸಿನಿಮಾ ಅಂದ್ರ ಕೆಟ್ಟ ರಾಕ್ಷಸ ಅಂತ ಅಷ್ಟು ದಿನ ತಿಳಿದಿದ್ದೆ. ಸೀಗಲ್ ರಾಕ್ಷಸನ ಮೇಲೆ ದುಡ್ಡು ಹಾಕುವ ಗೋಜಿಗೇ ಹೋಗಲಿಲ್ಲ, ಪರಿಚಯದ ಮುಖವನ್ನೇ ಬಳಸಿಕೊಂಡ. ಅವನೂ ಆಸೆ ತಡೆಯಲಾರದೆ ಹಸಿರುಮನೆಯಲ್ಲಿ ಬೀಜಕೋಶ ಒಡೆದು ನೊರೆ ಸುರಿಸುತ್ತಾನಲ್ಲ, ಅಲ್ಲಿ ಹೆದರಿಕೆ ಅರ್ಧಕ್ಕರ್ಧ ಇಳಿಯುತ್ತದೆ. ಕೊನೆಗೆ ಬೆಕಿ ಹತ್ತಿರ ಬೀಜಕೋಶವೇ ಇಲ್ಲದೆ ಹೇಗೆ ಬದಲಾದಳು ಅಂತ ಕೇಳಿದರೆ ಸಿನಿಮಾದ ಬಳಿ ಉತ್ತರ ಇಲ್ಲ. ಆದರೂ ಗುಹೆಯಲ್ಲಿ ಆಕೆಗೆ ಮುತ್ತಿಟ್ಟ ಮೈಲ್ಸ್ ಹಿಂದೆ ಸರಿದು ಆ ಮುಖ ನೋಡುವ ಕ್ಷಣದಲ್ಲಿ ಯಾರೂ ಲಾಜಿಕ್ ಕೇಳೋದಿಲ್ಲ. (ಇದು ಕಮ್ಯುನಿಸ್ಟರ ವಿರುದ್ಧವೋ, ಕಮ್ಯುನಿಸ್ಟರನ್ನು ಬೇಟೆಯಾಡಿದವರ ವಿರುದ್ಧವೋ ಅಂತ ವಿಮರ್ಶಕರು ಇನ್ನೂ ಬಡಿದಾಡುತ್ತಾರೆ. ಬಡಿದಾಡಲಿ.)

ನಮ್ಮಲ್ಲಿ ಏಲಿಯನ್‌ಗಳು ಬಂದದ್ದು ಕಡಿಮೆ. ತಮಿಳಿನ 'ಕಲೈ ಅರಸಿ'ಯಲ್ಲಿ (1963) ಬೇರೆ ಲೋಕದವನು ಬಂದು ಭಾನುಮತಿಯನ್ನು ಎತ್ತಿಕೊಂಡು ಹೋಗುತ್ತಾನೆ. ಯಾಕೆ? ತಮ್ಮ ಜನಕ್ಕೆ ಸಂಗೀತ ಕಲಿಸಲಿ ಅಂತ! ಇಂಥ ಸಭ್ಯ ದಾಳಿಕೋರ ಹಾಲಿವುಡ್ಡಿಗೆ ಸಿಕ್ಕಿಲ್ಲ. ಕನ್ನಡಕ್ಕೆ ಬಾಡಿ ಸ್ನ್ಯಾಚರ್ ಅಂದ್ರ ನನ್ನ ಲೆಕ್ಕದಾಗ 1979ರ 'ನಾ ನಿನ್ನ ಬಿಡಲಾರೆ'. ಅನಂತನಾಗ್ ಮೈಯಲ್ಲಿ ಇನ್ನೊಬ್ಬಳು ಸೇರಿಕೊಂಡಿದ್ದಾಳೆ. ಲಕ್ಷ್ಮಿ ಗಂಡನ ಮುಖದಲ್ಲಿ ಗಂಡನನ್ನು ಹುಡುಕುತ್ತಾಳೆ. ಅಲ್ಲೂ ಭಯ ಹುಟ್ಟಿಸೋದು ಒಬ್ಬ ನಟನ ಕಣ್ಣು. ಆದರೆ ನಮ್ಮ ಕಥೆಯಲ್ಲಿ ಗಂಡ ಒಳಗೆಲ್ಲೋ ಇದ್ದೇ ಇದ್ದಾನೆ, ರಾಘವೇಂದ್ರ ಸ್ವಾಮಿಗಳ ಕೃಪೆಯಿಂದ ಹೊರಗೆ ಬರುತ್ತಾನೆ. ದೆವ್ವ ಬಿಡಿಸಬಹುದು. ಸೀಗಲ್‌ನ ಊರಿನಲ್ಲಿ ಬಿಡಿಸಲಿಕ್ಕೆ ಏನೂ ಉಳಿದಿರೋದಿಲ್ಲ. ಹೋದವರು ಹೋದರು, ಅವರ ಅಂಗಿ ಹಾಕಿಕೊಂಡು ಇನ್ಯಾರೋ ಸಂತಿಗೆ ಹೊಂಟಾರ.

ಇನ್ನೊಂದು ದೃಶ್ಯ ಹೇಳಲೇಬೇಕು. ಮೈಲ್ಸ್ ಹೊರಗಿನ ಊರಿಗೆ ಫೋನ್ ಹಚ್ಚುತ್ತಾನೆ. ಲೈನ್ ಸಿಗುತ್ತಿಲ್ಲ ಅಂತ ಎಕ್ಸ್‌ಚೇಂಜಿನವಳು ನಯವಾಗಿ ಹೇಳುತ್ತಾಳೆ. ಆ ದನಿ ಕೇಳಿದ ಕೂಡಲೇ ನಮಗೆ ಗೊತ್ತಾಗುತ್ತದೆ, ಆಕೆಯೂ ಅವರ ಪೈಕಿಯೇ. ಇಡೀ ಸಿನಿಮಾದಲ್ಲಿ ನನಗೆ ಹೆಚ್ಚು ಹೆದರಿಕೆ ಆಗೋದು ಇಲ್ಲೇ, ಮುಖವೇ ಇಲ್ಲದ ಈ ದನಿಗೆ.

ಕಡೆಗೆ ಎಲ್ಲ ಮುಗಿದ ಮೇಲೆ ಆಸ್ಪತ್ರೆಯ ಡಾಕ್ಟರು ಮೈಲ್ಸ್‌ನ ಮಾತು ನಂಬಿ ಎಫ್‌ಬಿಐಗೆ ಫೋನ್ ಮಾಡುವ ಭಾಗವನ್ನು ಸ್ಟುಡಿಯೋದವರು ಒತ್ತಾಯ ಮಾಡಿ ಸೇರಿಸಿದ್ದು. ಸೀಗಲ್‌ಗೆ ಹೈವೇ ಮೇಲೆ ಮೈಲ್ಸ್ ಕ್ಯಾಮೆರಾ ಕಡೆ ತಿರುಗಿ ಚೀರೋದೇ ಕೊನೆ ಆಗಬೇಕಿತ್ತು. ಮೊದಲ ಸಲ ನೋಡಿದಾಗ ನಾನೂ ಸ್ಟುಡಿಯೋದವರಿಗೆ ಬೈದಿದ್ದೆ. ಕಲೆಯ ದೃಷ್ಟಿಯಿಂದ ಈಗಲೂ ಸೀಗಲ್ ಮಾತೇ ಸರಿ. ಆದರೆ ಯಾರಾದರೂ ನಂಬಲಿ ಅನ್ನೋ ಆಸೆಗೆ ನಗುವಷ್ಟು ಈಗ ನಾನು ಶಾಣ್ಯಾ ಉಳಿದಿಲ್ಲ.

ಮರುದಿನ ಸಂಜೆ ಆಯಿ ಊಟ ಒಲ್ಲೆ ಅಂದಳು. ಪರರ ಕೈಯಾಗಿಂದು ಉಣ್ಣಂಗಿಲ್ಲ ಅಂತ ಹಟ. ಅಪ್ಪ ತಾಟು ಇಟ್ಟು, ಚಪ್ಪಲಿ ಮೆಟ್ಟಿ, ಜಾತ್ರಿ ಗದ್ದಲದಾಗ ಗುಡಿ ಮುಂದ ಹೋಗಿ ನಿಂತು ನನ್ನ ಮೊಬೈಲಿಗೆ ಫೋನ್ ಮಾಡಿದ. ನಾನು ಆಯಿ ಕಿವಿಗೆ ಹಿಡಿದೆ.

"ಬಸು? ಎಲ್ಲಿ ಹೋಗಿಯೋ ಯಪ್ಪಾ?" ಆಕಿ ದನಿ ಒಮ್ಮೆಲೇ ಬದಲಾಯಿತು. "ಮನ್ಯಾಗ ಯಾರೋ ಬಂದು ಕುಂತಾನ. ಲಗೂ ಬಾ."

"ಬಂದೆ ಯವ್ವಾ. ಅಷ್ಟರಾಗ ನೀ ಉಣ್ಣು."

ಫೋನ್ ಹಿಡಕೊಂಡೇ ಉಂಡಳು.