ಒಡೆದ ದನಿಗೆ ಟ್ಯೂನಿಂಗ್ ಮದ್ದಲ್ಲ

ಚಿತ್ರಮಂದಿರದಲ್ಲಿ ಸೌಂಡ್ ಕೆಟ್ಟಿತೆಂದರೆ ಮೊದಲು ಕೇಳಿಬರುವ ಮಾತು ‘ಟ್ಯೂನಿಂಗ್ ಮಾಡಿಸೋಣ’. ಮೈಕು, ಲ್ಯಾಪ್‌ಟಾಪ್ ಹಿಡಿದವರು ಬರುತ್ತಾರೆ. ಖಾಲಿ ಹಾಲ್‌ನಲ್ಲಿ ಪಿಂಕ್ ನಾಯ್ಸ್ ಬಿಡುತ್ತಾರೆ. ಅಳತೆಯ ಗೆರೆ ಸಿನಿಮಾ ಹಾಲ್‌ಗಳ ಮಾದರಿ ಗೆರೆಯಾದ ಎಕ್ಸ್ ಕರ್ವ್‌ಗೆ ಸರಿಯಾಗಿ ಕೂರುವ ತನಕ ಈಕ್ವಲೈಸರ್ ತಿದ್ದುತ್ತಾರೆ. ಈ ಕೆಲಸಕ್ಕೆ ನಮ್ಮ ಪ್ರದರ್ಶಕರ ನಡುವೆ ಇರುವ ಹೆಸರು ಅದರ ಯೋಗ್ಯತೆಗಿಂತ ಬಹಳ ದೊಡ್ಡದು. ದನಿ ಒಡೆಯುವ ರೋಗಕ್ಕಂತೂ ಅದು ಮದ್ದೇ ಅಲ್ಲ. ಕೇಬಲ್ ಅದಲುಬದಲು ಮಾಡಿ ದೋಷ ಹುಡುಕುವ ಕೈಕೆಲಸವೇ ಇಲ್ಲಿ ನಿಜವಾದ ವಿದ್ಯೆ. ಅದನ್ನು ವಿದ್ಯೆಯೆಂದು ಎಣಿಸಿದವರು ಕಡಿಮೆ.

ಈಕ್ವಲೈಸರ್‌ನಿಂದ ಆಗುವುದು ಇಷ್ಟೇ: ಇರುವ ಫ್ರೀಕ್ವೆನ್ಸಿಗಳಲ್ಲಿ ಕೆಲವನ್ನು ಏರಿಸುವುದು, ಕೆಲವನ್ನು ಇಳಿಸುವುದು. ದನಿ ಒಡೆಯುವಾಗ ಮೂಲದಲ್ಲಿ ಇಲ್ಲದ ಫ್ರೀಕ್ವೆನ್ಸಿಗಳು ಹುಟ್ಟಿಕೊಳ್ಳುತ್ತವೆ. ಆಂಪ್ಲಿಫೈಯರ್ ಶಕ್ತಿ ಸಾಲದೆ ಅಲೆಯ ತಲೆ ಕತ್ತರಿಸಿದಾಗ, ವಾಯ್ಸ್ ಕಾಯಿಲ್ ಮ್ಯಾಗ್ನೆಟ್‌ಗೆ ಉಜ್ಜಿದಾಗ, ಹಾರ್ನ್ ಹಿಂದಿನ ಡಯಾಫ್ರಾಂ ಬಿರುಕು ಬಿಟ್ಟಾಗ ಹೀಗಾಗುತ್ತದೆ. ಹುಟ್ಟಿದ ಕಸ ಮಾತಿನ ಫ್ರೀಕ್ವೆನ್ಸಿಗಳಲ್ಲೇ ಬೆರೆತಿರುವುದರಿಂದ ಅದನ್ನು ಇಳಿಸಹೋದರೆ ಮಾತೂ ಜೊತೆಗೇ ಇಳಿಯುತ್ತದೆ. ಇನ್ನೊಂದು ತೊಡಕೂ ಇದೆ. ಪಿಂಕ್ ನಾಯ್ಸ್ ಸ್ವತಃ ‘ಸೋ’ ಎನ್ನುವ ಗದ್ದಲ. ಉಜ್ಜುವ ಕಾಯಿಲ್‌ನ ಕರಕರ ಅದರಡಿ ಮುಚ್ಚಿಹೋಗುತ್ತದೆ. ಗೆರೆ ಚೆನ್ನಾಗಿದೆ ಎಂದು ಲ್ಯಾಪ್‌ಟಾಪ್ ಹೇಳುತ್ತದೆ, ಸಂಜೆಯ ಆಟಕ್ಕೆ ಮಾತು ಮತ್ತೆ ಒಡೆಯುತ್ತದೆ.

ಮಲೆನಾಡಿನ ತಾಲ್ಲೂಕು ಕೇಂದ್ರವೊಂದರ ಟಾಕೀಸಿನಲ್ಲಿ ನಾನು ಇದನ್ನು ಹತ್ತಿರದಿಂದ ನೋಡಿದೆ. ‘ಸ’, ‘ಶ’ ಬಂದಾಗಲೆಲ್ಲ ಬಿದಿರು ಸೀಳಿದ ಹಾಗೆ ಕೇಳುತ್ತಿತ್ತು. ಎರಡು ಸಲ ಟ್ಯೂನಿಂಗ್ ಆಗಿತ್ತು. ಮೂರನೆಯ ಸಲ ಬಂದ ಹಿರಿಯ ಮೆಕ್ಯಾನಿಕ್ ಮೈಕನ್ನು ತಂದೇ ಇರಲಿಲ್ಲ. ಮೊದಲು ದನಿಯ ಮಟ್ಟದ ಫೇಡರ್ ಇಳಿಸಿ ಕೇಳಿದರು. ಜೋರಾದಾಗ ಮಾತ್ರ ಒಡೆದರೆ ಆಂಪ್ಲಿಫೈಯರ್ ಕ್ಲಿಪ್ ಆಗುತ್ತಿದೆ ಎಂಬ ಅನುಮಾನ. ಮೆಲ್ಲಗಿದ್ದಾಗಲೇ ಹೆಚ್ಚು ಒರಟಾದರೆ ಆಂಪ್ಲಿಫೈಯರ್ ಒಳಗಿನ ಕ್ರಾಸ್‌ಓವರ್ ಡಿಸ್ಟಾರ್ಶನ್ ಇರಬಹುದು. ಇಲ್ಲಿ ಎರಡೂ ಮಟ್ಟದಲ್ಲಿ ಒಂದೇ ಸೀಳು.

ಆಮೇಲೆ ಅದಲುಬದಲು ಶುರುವಾಯಿತು. ಸಿನಿಮಾದಲ್ಲಿ ಮಾತು ಬರುವುದು ಪರದೆಯ ಹಿಂದಿನ ನಡು ಸ್ಪೀಕರ್‌ನಿಂದ. ಆಂಪ್ಲಿಫೈಯರ್‌ಗೆ ಬರುವ ನಡು ಮತ್ತು ಎಡ ಕೇಬಲ್‌ಗಳನ್ನು ಒಂದರ ಜಾಗಕ್ಕೆ ಇನ್ನೊಂದನ್ನು ಹಾಕಿದರು. ಮಾತು ಈಗ ಎಡಕ್ಕೆ ಹೋಯಿತು. ಸೀಳೂ ಜೊತೆಗೆ ಹೋದರೆ ರೋಗ ಆಂಪ್ಲಿಫೈಯರ್‌ಗಿಂತ ಹಿಂದೆ, ಅಂದರೆ ಸರ್ವರ್‌ನಲ್ಲೋ ಪ್ರೊಸೆಸರ್‌ನಲ್ಲೋ ಕೇಬಲ್‌ನಲ್ಲೋ ಇದೆ. ಮಾತು ಎಡದಲ್ಲಿ ಸ್ವಚ್ಛವಾಗಿ ಬಂತು.

ಇಷ್ಟಕ್ಕೇ ‘ಸ್ಪೀಕರ್ ಹೋಗಿದೆ’ ಎಂದು ತೀರ್ಪು ಕೊಡುವವರೇ ಹೆಚ್ಚು. ಆದರೆ ಈಗ ನಡುವಿನಿಂದ ಬರುತ್ತಿದ್ದುದು ಎಡ ಚಾನೆಲ್‌ನ ಸಂಗೀತ. ಅದರಲ್ಲಿ ಸಕಾರವೇ ಇಲ್ಲದಿದ್ದರೆ ಸೀಳು ಇದೆಯೋ ಇಲ್ಲವೋ ಗೊತ್ತಾಗುವುದು ಹೇಗೆ? ಅವರು ಅದೇ ಮಾತಿನ ತುಣುಕನ್ನು ನಡು ಆಂಪ್ಲಿಫೈಯರ್‌ಗೂ ಕೊಟ್ಟು ನಾಲ್ಕಾರು ಸಲ ಕೇಳಿದರು. ಸೀಳು ನಡುವಿನಲ್ಲೇ ಉಳಿದಿತ್ತು. ಆಮೇಲೆ ಆಂಪ್ಲಿಫೈಯರ್ ಆಫ್ ಮಾಡಿ ಸ್ಪೀಕರ್ ಕಡೆಯ ತಂತಿಗಳನ್ನು ಬದಲಿಸಿದರು, ಹಾರ್ನ್‌ನದನ್ನು ಹಾರ್ನ್‌ಗೆ, ವೂಫರ್‌ನದನ್ನು ವೂಫರ್‌ಗೆ. ಇಲ್ಲಿ ಕೈ ತಪ್ಪಿ ವೂಫರ್‌ನ ಶಕ್ತಿ ಹಾರ್ನ್‌ಗೆ ಹೋದರೆ ಡಯಾಫ್ರಾಂ ಸುಟ್ಟೇ ಹೋಗುತ್ತದೆ. ಆಂಪ್ಲಿಫೈಯರ್ ಬದಲಾದರೂ ಸೀಳು ನಡುವಿನಿಂದ ಕದಲಲಿಲ್ಲ. ಪರದೆಯ ಹಿಂದೆ ಏಣಿ ಹಾಕಿ ಡ್ರೈವರ್ ಬಿಚ್ಚಿದಾಗ ಡಯಾಫ್ರಾಂ ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು. ಒಂದು ಸಲಕ್ಕೆ ಒಂದೇ ಬದಲಾವಣೆ, ಎರಡೂ ಕಡೆ ಒಂದೇ ದನಿ: ಈ ಶಿಸ್ತು ಯಾವ ಮೈಕ್‌ನಿಂದಲೂ ಬರುವುದಿಲ್ಲ.

ಇಲ್ಲಿ ನನ್ನ ಜಗಳ ಸಹವಿಮರ್ಶಕರ ಜೊತೆಗೂ ಇದೆ. ‘ಸಂಭಾಷಣೆ ಅಸ್ಪಷ್ಟ, ಶಬ್ದಗ್ರಹಣ ಕಳಪೆ’ ಎಂದು ಒಂದು ಸಾಲು ಬರೆದು ಮುಗಿಸುವುದು ನಮ್ಮಲ್ಲಿ ರೂಢಿಯಾಗಿದೆ. ಯಾವ ಹಾಲ್‌ನಲ್ಲಿ ಕೇಳಿದಿರಿ? ಅಲ್ಲಿ ಫೇಡರ್ ಎಷ್ಟಿತ್ತು? ಮಿಕ್ಸಿಂಗ್ ನಡೆಯುವುದು ಡಾಲ್ಬಿ ಫೇಡರ್ 7ರ ಲೆಕ್ಕದಲ್ಲಿ, ಪರದೆಯ ಪ್ರತಿ ಚಾನೆಲ್‌ಗೆ 85 ಡೆಸಿಬೆಲ್. ಟ್ರೇಲರ್ ಕಿವಿ ಹರಿಯುತ್ತದೆಂದು 4ಕ್ಕೆ ಇಳಿಸಿ, ಸಿನಿಮಾ ಶುರುವಾದರೂ ಅಲ್ಲೇ ಬಿಡುವ ಹಾಲ್‌ಗಳಿವೆ. ಅಲ್ಲಿ ಪಿಸುಮಾತು ಫ್ಯಾನಿನ ಸದ್ದಿನಲ್ಲಿ ಕರಗುತ್ತದೆ. ಆ ತಪ್ಪು ಶಬ್ದಗ್ರಾಹಕರ ಹೆಸರಿಗೆ ಅಂಟುತ್ತದೆ. ತಿಂಗಳುಗಟ್ಟಲೆ ಕೂತು ಒಂದೊಂದು ಮಾತನ್ನೂ ತಿದ್ದಿದವರಿಗೆ ಇದು ದೊಡ್ಡ ಅನ್ಯಾಯ. ಇನ್ನೊಂದು ಹಾಲ್‌ನಲ್ಲಿ ಹತ್ತು ನಿಮಿಷ ಕೇಳದೆ ಆ ಸಾಲು ಬರೆಯಬಾರದು.

ರೀಲಿನ ಕಾಲದ ಸೌಂಡ್ ಇಂಪಾಗಿತ್ತು ಎಂದು ಬರೆಯುವವರ ಮಾತನ್ನೂ ನಾನು ಒಪ್ಪುವುದಿಲ್ಲ. 35 ಎಂ.ಎಂ. ರೀಲಿನಲ್ಲಿ ಎಕ್ಸೈಟರ್ ಲ್ಯಾಂಪ್‌ನ ಬೆಳಕು ಸಣ್ಣ ಸೀಳಿನಿಂದ ಸೌಂಡ್‌ಟ್ರ್ಯಾಕ್ ಹಾದು ಫೋಟೊಸೆಲ್ ಮೇಲೆ ಬೀಳಬೇಕಿತ್ತು. ಸೀಳು ಎಳ್ಳಷ್ಟು ಓರೆಯಾದರೂ ಸಕಾರ ಮಂಕಾಗುತ್ತಿತ್ತು. ಫಿಲಂ ಪಕ್ಕಕ್ಕೆ ಸರಿದು ಅಂಚಿನ ತೂತುಗಳು ಬೆಳಕಿಗೆ ಸಿಕ್ಕರೆ ಗುಂಯ್‌ಗುಡುವ ಸದ್ದು: ಸೆಕೆಂಡಿಗೆ 24 ಫ್ರೇಮ್, ಫ್ರೇಮಿಗೆ 4 ತೂತು, ಒಟ್ಟು 96 ಹರ್ಟ್ಸ್. ಆ ಕಾಲದಿಂದ ಉಳಿಸಿಕೊಳ್ಳಬೇಕಾದದ್ದು ಇಂಪನ್ನಲ್ಲ, ಆ ಸದ್ದು ಕೇಳಿದೊಡನೆ ಕೈ ಯಾವ ರೋಲರ್‌ಗೆ ಹೋಗಬೇಕೆಂದು ತಿಳಿದಿದ್ದ ಆಪರೇಟರ್‌ಗಳ ಕಿವಿಯನ್ನು.

ಟ್ಯೂನಿಂಗ್ ಬೇಡವೇ ಬೇಡ ಎನ್ನುವುದಿಲ್ಲ. ಬಿರುಕಿಲ್ಲದ ಸ್ಪೀಕರ್‌ಗೆ ಅದು ಬೇಕು. ಅದಲುಬದಲಿನಲ್ಲೂ ಒಂದು ಅಪಾಯವಿದೆ. ಕೆಲಸ ಮುಗಿದ ಮೇಲೆ ಕೇಬಲ್ ಹಿಂದಿನ ಜಾಗಕ್ಕೆ ಹೋಗದೆ ಉಳಿಯಬಹುದು. ನಡುವಿನದಾದರೆ ಮೊದಲ ಮಾತಿಗೇ ಗೊತ್ತಾಗುತ್ತದೆ. ಗೋಡೆಯ ಸರೌಂಡ್ ಸ್ಪೀಕರ್‌ಗಳಲ್ಲಿ ಎಡದ ಕೇಬಲ್ ಬಲಕ್ಕೆ ಬಂದು ಕೂತರೆ ಹಾಲ್‌ನಲ್ಲಿ ಯಾರೂ ದೂರುವುದಿಲ್ಲ, ವರ್ಷಗಟ್ಟಲೆ ಹಾಗೇ ನಡೆಯುತ್ತದೆ. ಆ ಮೆಕ್ಯಾನಿಕ್ ಹೊಸ ಡಯಾಫ್ರಾಂ ಕೂರಿಸಿದ ಮೇಲೂ ಹೊರಡಲಿಲ್ಲ. ಒಂದೊಂದು ಚಾನೆಲ್‌ನ ಹೆಸರು ಹೇಳುವ ಪರೀಕ್ಷಾ ತುಣುಕು ಹಾಕಿ, ಟಾಕೀಸಿನ ಹುಡುಗನೊಬ್ಬನನ್ನು ಕ್ಯಾಬಿನ್‌ನಲ್ಲಿ ನಿಲ್ಲಿಸಿ, ತಾವು ಕೆಳಗೆ ಸಾಲು ಸಾಲಾಗಿ ನಡೆದು ಕೇಳಿದರು. ಬಲ ಸರೌಂಡ್‌ನ ಹೆಸರು ಬಲಗೋಡೆಯಿಂದಲೇ ಬಂದ ಬಳಿಕ ಮೇಲೆ ಹತ್ತಿ ರ‍್ಯಾಕ್‌ನ ಬಾಗಿಲು ಮುಚ್ಚಿದರು.