ರಾಣಿಯ ಬೀಗ, ಮಾತಾಡುವ ದೀಪಗಳು

ಹೈದರಾಬಾದಿನ ಸುಲ್ತಾನ್ ಬಜಾರ್‌ನ ಸೀರೆ ಅಂಗಡಿಗಳ ಗದ್ದಲ ದಾಟಿ ಕೋಠಿಯ ಕಡೆ ಹೊರಳಿದರೆ ಹಳೆಯ ಬ್ರಿಟಿಷ್ ರೆಸಿಡೆನ್ಸಿ ಸಿಗುತ್ತದೆ. 1949ರಲ್ಲಿ ಅದು ಹೆಣ್ಣುಮಕ್ಕಳ ಕಾಲೇಜಾಯಿತು. ಆವರಣದಲ್ಲಿ ಆ ಕಟ್ಟಡದ್ದೇ ಒಂದು ಪುಟ್ಟ ಮಾದರಿ ಇದೆ. ರೆಸಿಡೆಂಟ್, ಅಂದರೆ ಬ್ರಿಟಿಷ್ ಪ್ರತಿನಿಧಿಯಾಗಿದ್ದ ಜೇಮ್ಸ್ ಕರ್ಕ್‌ಪ್ಯಾಟ್ರಿಕ್‌ನ ಹೆಂಡತಿ ಖೈರುನ್ನೀಸಾ ಪರದೆಯಲ್ಲಿದ್ದವಳು. ಗಂಡ ಕಟ್ಟಿಸಿದ ಮಹಲಿನ ಮುಂಭಾಗ ಹೇಗಿದೆಯೆಂದು ಜನಾನಾದ ಒಳಗಿಂದಲೇ ಅವಳು ಕಾಣಲೆಂದು ಅವನು ಆ ಮಾದರಿಯನ್ನು ಮಾಡಿಸಿದನಂತೆ. ಪ್ರೀತಿಯ ಕಾಣಿಕೆಯೇ ಇರಬಹುದು. ಆದರೆ ಅದನ್ನು ನೆನೆದಾಗಲೆಲ್ಲ ನನಗೆ ಗಿರೀಶ ಕಾರ್ನಾಡರ ‘ನಾಗಮಂಡಲ’ದ ರಾಣಿ ಕಣ್ಣಮುಂದೆ ಬರುತ್ತಾಳೆ.

ಎ.ಕೆ. ರಾಮಾನುಜನ್ ಅವರಿಂದ ಕೇಳಿದ ಎರಡು ಜನಪದ ಕಥೆಗಳನ್ನು ಹೆಣೆದು ಕಾರ್ನಾಡರು 1987-88ರಲ್ಲಿ ಷಿಕಾಗೊದಲ್ಲಿದ್ದಾಗ ಬರೆದ ನಾಟಕವಿದು. ರಾಣಿಯ ಗಂಡ ಅಪ್ಪಣ್ಣ ಮಧ್ಯಾಹ್ನ ಬರುತ್ತಾನೆ, ಮೀಯುತ್ತಾನೆ, ಉಣ್ಣುತ್ತಾನೆ, ಹೊರಗಿನಿಂದ ಬೀಗ ಜಡಿದು ಇನ್ನೊಬ್ಬಳ ಮನೆಗೆ ಹೋಗುತ್ತಾನೆ. ಎಲ್ಲರೂ ಆ ಬೀಗದ ಬಗ್ಗೆಯೇ ಬರೆಯುತ್ತಾರೆ. ನನಗೆ ಬೀಗಕ್ಕಿಂತ ಕಠೋರವಾಗಿ ಕಾಣುವುದು ಮಾತಿನ ನಿಷೇಧ. ರಾತ್ರಿ ಬಚ್ಚಲ ತೂಬಿನಿಂದ ನುಸುಳಿ ಗಂಡನ ರೂಪದಲ್ಲಿ ಬರುವ ನಾಗ ಅಕ್ಕರೆ ತೋರುತ್ತಾನೆ, ಕಥೆ ಕೇಳುತ್ತಾನೆ. ಆದರೆ ಅವನೂ ಅವಳ ಪ್ರಶ್ನೆಗಳ ಬಾಯಿ ಕಟ್ಟುತ್ತಾನೆ. ಹಗಲಿನ ಕ್ರೌರ್ಯ, ಇರುಳಿನ ಪ್ರೀತಿ ಎರಡಕ್ಕೂ ಷರತ್ತು ಒಂದೇ: ಕೇಳಬೇಡ.

ಇದಕ್ಕೆ ಎದುರಾಗಿ ಕಾರ್ನಾಡರು ಇಟ್ಟಿರುವುದು ನಾಟಕದ ಮೊದಲಿಗೇ ಬರುವ ದೀಪಗಳನ್ನು. ಊರಿನ ಮನೆಗಳಲ್ಲಿ ಆರಿಸಿದ ದೀಪದ ಕುಡಿಗಳು ರಾತ್ರಿ ಪಾಳುಗುಡಿಯಲ್ಲಿ ಸೇರಿ ಹರಟೆ ಹೊಡೆಯುತ್ತವೆ. ಮನೆಮನೆಯ ಗುಟ್ಟು, ನಗು, ಚಾಡಿ. ಮುದುಕಿಯೊಬ್ಬಳ ಬಾಯಲ್ಲಿ ಬಂದಿಯಾಗಿದ್ದ ಕಥೆಯೂ ಹೆಣ್ಣಾಗಿ, ಸೀರೆಯುಟ್ಟು ಅಲ್ಲಿಗೇ ಬರುತ್ತದೆ. ಹೆಂಗಸರು ಹೊಸ್ತಿಲು ದಾಟಲಾರದ ಊರಲ್ಲಿ ಅವರ ದೀಪಗಳು ದಾಟಿವೆ. ರಾಣಿಗೆ ಇಲ್ಲದ ಗೆಳತಿಯರ ಕೂಟ ಅದು. ಅವಳ ಪಾಲಿಗೆ ಇರುವವಳು ಕಣ್ಣಿಲ್ಲದ ಮುದುಕಿ ಕುರುಡವ್ವ ಒಬ್ಬಳೇ. ಅವಳೊಡನೆಯೂ ಬೀಗ ಹಾಕಿದ ಮನೆಯೊಳಗಿಂದಲೇ ಮಾತು.

ಕೊನೆಗೆ, ಶೀಲದ ಶಂಕೆ ಎದುರಾದಾಗ, ರಾಣಿ ಹುತ್ತಕ್ಕೆ ಕೈಯಿಟ್ಟು, ಗಂಡನನ್ನೂ ಈ ಹಾವನ್ನೂ ಬಿಟ್ಟು ಬೇರೆ ಯಾರನ್ನೂ ಮುಟ್ಟಿಲ್ಲವೆಂದು ದಿವ್ಯ ಮಾಡುತ್ತಾಳೆ. ಮಾತು ಅಕ್ಷರಶಃ ನಿಜ. ಹಾವು ಹೆಡೆಯೆತ್ತಿ ನೆರಳಾಗುತ್ತದೆ, ಊರು ಅವಳನ್ನು ದೇವಿಯೆಂದು ಅಡ್ಡಬೀಳುತ್ತದೆ. ಇದನ್ನು ಗೆಲುವೆಂದು ನೋಡುವವರ ಜೊತೆ ನಾನು ಸೇರಲಾರೆ. ಬೀಗ ಹಾಕಿದ ಕೋಣೆಯಿಂದ ಅವಳು ಬಂದದ್ದು ಗರ್ಭಗುಡಿಗೆ. ಅಲ್ಲಿಯೂ ಸರೀಕರಂತೆ ಪಕ್ಕದಲ್ಲಿ ಕೂತು ಮಾತಾಡುವವರಿಲ್ಲ.

ಖೈರುನ್ನೀಸಾಗೆ ಅಂಥ ಪಟ್ಟವೂ ಸಿಗಲಿಲ್ಲ. ಎಳೆಯ ಮಕ್ಕಳಿಬ್ಬರನ್ನು ಇಂಗ್ಲೆಂಡಿಗೆ ಕಳಿಸಿದ ಮೇಲೆ 1805ರಲ್ಲಿ ಕರ್ಕ್‌ಪ್ಯಾಟ್ರಿಕ್ ತೀರಿಕೊಂಡ. ಆ ಮಕ್ಕಳನ್ನು ಮತ್ತೆ ಕಾಣದೆಯೇ 1813ರಲ್ಲಿ ಅವಳೂ ಹೋದಳು. ಅವಳಿದ್ದ ರಂಗ್ ಮಹಲ್ ಇವತ್ತು ಇಲ್ಲ.

‘ನಾಗಮಂಡಲ’ ಆಡಿಸುವ ಹವ್ಯಾಸಿ ತಂಡಗಳಲ್ಲಿ, ಅದರಲ್ಲೂ ಹೈದರಾಬಾದಿನ ಕನ್ನಡ ಗೆಳೆಯರಲ್ಲಿ ಒಂದು ಕೋರಿಕೆ. ಸಮಯ ಸಾಲದೆಂದು ದೀಪಗಳ ದೃಶ್ಯಕ್ಕೆ ಕತ್ತರಿ ಹಾಕಬೇಡಿ. ಹಾಡು ಕುಣಿತದ ಮೆರುಗಿಗಾಗಿ ಅವುಗಳ ಹರಟೆಯನ್ನು ಮುಳುಗಿಸಲೂ ಬೇಡಿ. ಆ ಹೆಂಗಸರ ಮಾತು ಕೊನೆಯ ಸಾಲಿನವರೆಗೂ ಕೇಳಿಸಲಿ.