ಸೆಟ್ಟಿ ಎಂಬ ಉಪನಾಮ: ಪದ, ಪದವಿ ಮತ್ತು ರಕ್ತಸಂಬಂಧ

ಓಲೆಪ್ರತಿಗಳ ಅಂತ್ಯಪ್ರಶಸ್ತಿಗಳನ್ನೂ ಬಸದಿಗಳ ಶಾಸನಗಳನ್ನೂ ಆಧಾರವಾಗಿಟ್ಟುಕೊಂಡು ಮನೆತನಗಳ ಚರಿತ್ರೆಯನ್ನು ಬರೆಯುವ ಪ್ರವೃತ್ತಿಯು ಈಚಿನ ವರ್ಷಗಳಲ್ಲಿ ಹೆಚ್ಚುತ್ತಲಿದೆ. ಉದ್ದೇಶವು ಸ್ತುತ್ಯವೇ. ಆದರೆ ಇಂತಹ ಬರಹಗಳಲ್ಲಿ ಬಹುಮಟ್ಟಿಗೆ ಒಂದೇ ಬಗೆಯ ತರ್ಕವು ಕಾಣಬರುತ್ತದೆ. ಪ್ರಶಸ್ತಿಯಲ್ಲಿ ಒಬ್ಬ ‘ಸೆಟ್ಟಿ’ಯ ಹೆಸರು ದೊರೆಯಿತು, ಇಂದು ಅದೇ ಊರಿನಲ್ಲಿ ‘ಶೆಟ್ಟಿ’ ಎಂಬ ಉಪನಾಮದ ಮನೆತನವೊಂದಿದೆ, ಆದುದರಿಂದ ಆತನು ಇವರ ಪೂರ್ವಜನು. ಈಗ ಇದರೊಡನೆ ವಂಶವಾಹಿಗಳ ಪರೀಕ್ಷೆಯೂ ಸೇರಿಕೊಂಡಿದ್ದು, ಉಪನಾಮವೊಂದಕ್ಕೆ ಒಂದೇ ರಕ್ತಮೂಲವಿರಬೇಕೆಂಬ ನಂಬಿಕೆಯು ವಿಜ್ಞಾನದ ಹೆಸರಿನಲ್ಲಿ ಪುನಃ ತಲೆಯೆತ್ತಿದೆ. ಈ ತರ್ಕದ ಬಲಾಬಲವನ್ನು ಕೊಂಚ ವಿಚಾರಿಸುವುದು ಅಗತ್ಯವೆಂದು ತೋರುತ್ತದೆ. ನಮ್ಮ ಗ್ರಂಥಭಂಡಾರಗಳ ಸೂಚಿಗಳು ಈ ಊಹೆಗಳಿಗೆ ಆಕರಗಳಾಗುತ್ತಿರುವುದರಿಂದ ಹೊಣೆಯು ನಮ್ಮ ಮೇಲೂ ಇದೆ.

ಮೊದಲು ಪದದ ವಿಚಾರ. ಸಂಸ್ಕೃತದ ಶ್ರೇಷ್ಠಿನ್ ಶಬ್ದವು ಪ್ರಾಕೃತದಲ್ಲಿ ಸೆಟ್ಠಿ ಎಂದಾಗುತ್ತದೆ. ಕನ್ನಡದಲ್ಲಿ ಮಹಾಪ್ರಾಣವು ಲೋಪವಾಗಿ ಸೆಟ್ಟಿ ಎಂದು ನಿಲ್ಲುತ್ತದೆ. ದೃಷ್ಟಿಯು ದಿಟ್ಟಿಯಾದಂತೆ, ಗೋಷ್ಠಿಯು ಗೊಟ್ಟಿಯಾದಂತೆ ಇದೂ ನಡೆದಿದೆ. ಮಲ್ಲರನ್ನು ಹೇಳುವ ಜೆಟ್ಟಿ ಎಂಬ ಮಾತೂ ಜ್ಯೇಷ್ಠಶಬ್ದದಿಂದ ಇದೇ ದಾರಿಯಲ್ಲಿ ಬಂದುದು. ಇಷ್ಟು ಸ್ಪಷ್ಟವಿದ್ದರೂ ವಿವಾದವಿಲ್ಲದೆ ಇಲ್ಲ. ಯೂಲ್ ಮತ್ತು ಬರ್ನೆಲ್ ಅವರ ಹಾಬ್ಸನ್-ಜಾಬ್ಸನ್ ಎಂಬ ಕೋಶವು (1886) ‘ಚೆಟ್ಟಿ’ ಎಂಬ ಉಲ್ಲೇಖದಡಿಯಲ್ಲಿ ಸಿ. ಪಿ. ಬ್ರೌನರ ಅಭಿಪ್ರಾಯವೊಂದನ್ನು ಕೊಟ್ಟಿದೆ. ಅವರ ಪ್ರಕಾರ ಸೆಟ್ಟಿ ಎಂಬುದು ಅಂಗಡಿಕಾರನೆಂಬ ಅರ್ಥದ ಅಚ್ಚ ತೆಲುಗು ಮಾತು. ಶ್ರೇಷ್ಠಿಗೂ ಅದಕ್ಕೂ ನಂಟಿಲ್ಲ. ತೆಲುಗಿಗೆ ಬ್ರೌನರು ಮಾಡಿದ ಉಪಕಾರವು ದೊಡ್ಡದು. ಆದರೂ ಈ ಮಾತನ್ನು ಒಪ್ಪಲು ಸಾಧ್ಯವಿಲ್ಲ. ಅವರು ನೋಡಿದ್ದು ತಮ್ಮ ಕಾಲದ ಪೇಟೆಯ ಬಳಕೆಯನ್ನು. ಪದವಿಯ ಹೆಸರು ಕಾಲಕ್ರಮದಲ್ಲಿ ಇಳಿದು ಸಾಮಾನ್ಯ ವರ್ತಕನ ಹೆಸರಾದುದು ಅವರಿಗೆ ಮೂಲಾರ್ಥವಾಗಿ ಕಂಡಿತು. ಪ್ರಾಕೃತದ ಸೆಟ್ಠಿಯನ್ನು ನಡುವೆ ಇಟ್ಟು ನೋಡಿದವರಿಗೆ ಈ ಸಂದೇಹವೇ ಹುಟ್ಟುವುದಿಲ್ಲ. ಕಿಟ್ಟೆಲರು 1894ರ ತಮ್ಮ ಕೋಶದಲ್ಲಿ ಇದನ್ನು ಶ್ರೇಷ್ಠಿಯ ತದ್ಭವವೆಂದೇ ಗುರುತಿಸಿದ್ದಾರೆ.

ಇದಕ್ಕೆ ವಿರುದ್ಧ ದಿಕ್ಕಿನ ದೋಷವೂ ಒಂದುಂಟು. ಕೆಲವರು ಶ್ರೇಷ್ಠಿಯನ್ನು ‘ಶ್ರೇಣಿ’ಯಿಂದ ಸಾಧಿಸಹೊರಡುತ್ತಾರೆ. ಅರ್ಥಕ್ಕೆ ಅದು ಹೊಂದುವಂತೆ ಕಾಣುವುದಾದರೂ ರೂಪವು ಹೊಂದುವುದಿಲ್ಲ, ಮೂಲವು ಶ್ರೇಷ್ಠಶಬ್ದವೇ. ಹಾಗೆಂದು ‘ಶ್ರೇಷ್ಠ ಕುಲದವರು ಸೆಟ್ಟಿಗಳು’ ಎಂದು ಹಿಗ್ಗುವುದಕ್ಕೂ ಆಧಾರವಿಲ್ಲ. ಶ್ರೇಷ್ಠತ್ವವು ಇಲ್ಲಿ ಕುಲಕ್ಕೆ ಸಂಬಂಧಿಸಿದುದಲ್ಲ, ಪಟ್ಟಣದ ವರ್ತಕರೊಳಗೆ ಪಡೆದ ಸ್ಥಾನಕ್ಕೆ ಸಂಬಂಧಿಸಿದುದು. ಅರ್ಧಮಾಗಧಿಯ ಆಗಮಗಳಲ್ಲಿ ಸೆಟ್ಠಿಯು ಇಬ್ಭ, ಸೇಣಾವಇ, ಸತ್ಥವಾಹ ಎಂಬವರ ಸಾಲಿನಲ್ಲಿ ಬರುತ್ತಾನೆ. ಸೇನಾಪತಿಯ ಮಗ್ಗುಲಲ್ಲಿ ನಿಂತವನು ಜಾತಿವಾಚಕನಾಗಿರಲಾರನು. ಅನುಯೋಗದ್ವಾರದ ವೃತ್ತಿಕಾರರು ಕೊಡುವ ವಿವರಣೆಯು ಇನ್ನೂ ಸ್ಪಷ್ಟವಾದುದು. ಶ್ರೀದೇವಿಯ ಆಕೃತಿಯುಳ್ಳ ಚಿನ್ನದ ಪಟ್ಟವನ್ನು ತಲೆಗೆ ಕಟ್ಟಿಕೊಂಡ ಪುರಪ್ರಮುಖನಾದ ವಣಿಜನೇ ಶ್ರೇಷ್ಠಿಯೆಂದು ಅವರ ಅಭಿಪ್ರಾಯ. ಇದು ಶ್ವೇತಾಂಬರ ಪರಂಪರೆಯ ವ್ಯಾಖ್ಯಾನವಾದರೂ ಶಬ್ದಾರ್ಥದ ಮಟ್ಟಿಗೆ ನಮಗೆ ಗ್ರಾಹ್ಯವಾದುದೇ. ಕ್ರಿಸ್ತಶಕ ಐದನೆಯ ಶತಮಾನದ ದಾಮೋದರಪುರ ತಾಮ್ರಪಟಗಳಲ್ಲಿ ಕೋಟಿವರ್ಷವಿಷಯದ ಆಡಳಿತದಲ್ಲಿ ನಗರಶ್ರೇಷ್ಠಿಯು ಸಾರ್ಥವಾಹ, ಪ್ರಥಮಕುಲಿಕ, ಪ್ರಥಮಕಾಯಸ್ಥರೊಡನೆ ಕುಳಿತಿರುವುದನ್ನು ಇದರೊಂದಿಗೆ ಇಟ್ಟು ನೋಡಬಹುದು.

ಕನ್ನಡನಾಡಿನ ಶಾಸನಗಳೂ ಇದನ್ನೇ ಸಮರ್ಥಿಸುತ್ತವೆ. ಹೊಂಬುಜದಲ್ಲಿ 1062ರಲ್ಲಿ ಜಿನಾಲಯವನ್ನು ಮಾಡಿಸಿದ ನೊಕ್ಕಯ್ಯ ಸೆಟ್ಟಿಯು ವೀರಶಾಂತರನ ಕಾಲದವನು. ಆತನಿಗೆ ಪಟ್ಟಣಸ್ವಾಮಿ ಎಂಬ ಪದವಿಯಿದ್ದು, ಆ ಜಿನಾಲಯಕ್ಕೂ ಅದೇ ಹೆಸರಾಯಿತು. ಶ್ರವಣಬೆಳಗೊಳದ ತೇರಿನ ಬಸದಿಯ ಮಂದರವನ್ನು 1117ರಲ್ಲಿ ಮಾಡಿಸಿದವರು ಮಾಚಿಕಬ್ಬೆ ಮತ್ತು ಶಾಂತಿಕಬ್ಬೆಯರು. ಅವರ ಮಕ್ಕಳಾದ ಪೊಯ್ಸಳ ಸೆಟ್ಟಿ ಮತ್ತು ನೇಮಿ ಸೆಟ್ಟಿಗಳು ವಿಷ್ಣುವರ್ಧನನ ರಾಜಶ್ರೇಷ್ಠಿಗಳು. ಇಲ್ಲಿ ‘ಪೊಯ್ಸಳ ಸೆಟ್ಟಿ’ ಎಂಬ ಹೆಸರನ್ನು ಗಮನಿಸಬೇಕು. ಅರಸನ ವಂಶನಾಮವು ಅರಮನೆಯ ವರ್ತಕನ ಹೆಸರಿಗೆ ಅಂಟಿಕೊಂಡಿದೆ. ಈತನು ಹೊಯ್ಸಳ ವಂಶಸಂಜಾತನೆಂದು ಯಾರೂ ಹೇಳಲಾರರು. ಹಾಗಿರುವಾಗ ಮೂಡುಬಿದಿರೆಯ ಹದಿನೆಂಟು ಬಸದಿಗಳಲ್ಲಿ ಒಂದಾದ ಚೋಳಶೆಟ್ಟಿ ಬಸದಿಯ ಹೆಸರನ್ನು ಹಿಡಿದು ಚೋಳರವರೆಗೆ ವಂಶವೃಕ್ಷವನ್ನು ಬೆಳೆಸುವುದು ಯಾವ ನ್ಯಾಯ? ಅದೇ ಊರಿನ ಕೋಟಿಶೆಟ್ಟಿ, ವಿಕ್ರಮಶೆಟ್ಟಿ, ಮಹಾದೇವಶೆಟ್ಟಿ ಬಸದಿಗಳೂ ಊರಿನ ಧನಿಕ ಶ್ರಾವಕರ ದಾನಶೀಲತೆಗೆ ಸಾಕ್ಷಿಯೇ ಹೊರತು ಅವರೆಲ್ಲರೂ ಒಂದೇ ಮನೆಯವರೆಂಬುದಕ್ಕೆ ಸಾಕ್ಷಿಯಲ್ಲ. ಬಾರಕೂರು, ಬಸರೂರುಗಳ ವಿಜಯನಗರಕಾಲದ ಶಾಸನಗಳಲ್ಲಿ ‘ಸೆಟ್ಟಿಕಾರರು’ ಎಂಬ ವರ್ತಕಸಂಘವೇ ‘ಹಂಜಮಾನ’ದೊಡನೆ ಕಾಣಿಸಿಕೊಳ್ಳುತ್ತದೆ, ಸಂಘಕ್ಕೆ ಸೇರಿದವನು ಸೆಟ್ಟಿಕಾರ, ಅಷ್ಟೆ.

ವ್ಯಾಕರಣದ ಸಾಕ್ಷ್ಯವೊಂದನ್ನು ನಮ್ಮ ಚರಿತ್ರಕಾರರು ಏಕೋ ಗಣನೆಗೆ ತೆಗೆದುಕೊಂಡಿಲ್ಲ. ಶಾಸನಗಳಲ್ಲಿ ಸೆಟ್ಟಿಗೆ ಸೆಟ್ಟಿತಿ ಎಂಬ ಸ್ತ್ರೀಲಿಂಗ ರೂಪವುಂಟು; ಗೌಡನಿಗೆ ಗೌಡಿತಿ, ಹೆಗ್ಗಡೆಗೆ ಹೆಗ್ಗಡಿತಿ ಇರುವಂತೆ. ಕರಾವಳಿಯಲ್ಲಿ ಹೆಂಗಸರ ಹೆಸರಿನ ಮುಂದೆ ‘ಶೆಡ್ತಿ’ ಎಂದು ಬರೆಯುವ ರೂಢಿಯನ್ನು ಹಿರಿಯರು ಬಲ್ಲರು. ಮನೆತನದ ಹೆಸರಾದರೆ ಗಂಡಿಗೂ ಹೆಣ್ಣಿಗೂ ಒಂದೇ ಆಗಿರಬೇಕಷ್ಟೆ. ಲಿಂಗಭೇದದಿಂದ ರೂಪವು ಬದಲಾಗುವುದು ಪದವಿವಾಚಕಕ್ಕೆ ಸಹಜವಾದುದು. ಇಂದು ಶಾಲೆಯ ದಾಖಲೆಯಲ್ಲಿ ಮಗಳ ಹೆಸರಿನ ಮುಂದೆಯೂ ‘ಶೆಟ್ಟಿ’ ಎಂದೇ ಬರೆಯಿಸುತ್ತಾರೆ. ಪದವಿಯು ಉಪನಾಮವಾಗಿ ಗಟ್ಟಿಗೊಂಡುದಕ್ಕೆ ಇದಕ್ಕಿಂತ ಸ್ಪಷ್ಟವಾದ ಕುರುಹು ಬೇಕಿಲ್ಲ. ಆದಿಯ ಸಕಾರವು ಶಕಾರವಾದುದೂ ಈಚಿನದೇ. ಹಳೆಯ ಶಾಸನಗಳು ಬಹುತೇಕ ‘ಸೆಟ್ಟಿ’ ಎಂದೇ ಬರೆಯುತ್ತವೆ. ಪ್ರತಿಯೊಂದರಲ್ಲಿ ‘ಶೆಟ್ಟಿ’ ಎಂದಿದ್ದರೆ ಸಂಪಾದಕರು ಅದನ್ನು ತಿದ್ದದೆ ಹಾಗೆಯೇ ಉಳಿಸಬೇಕು. ಲಿಪಿಕಾರನ ಕಾಲದೇಶಗಳ ನಿರ್ಣಯಕ್ಕೆ ಅದು ಒದಗಬಹುದು.

ಇನ್ನು ಈ ಉಪನಾಮವನ್ನು ಇಂದು ಧರಿಸಿರುವವರಾರು? ಜೈನರು, ಬಂಟರು, ಬಣಜಿಗರು, ದೇವಾಂಗರು, ತೆಲುಗು ಮೂಲದ ವೈಶ್ಯರು. ತಮಿಳಿನಲ್ಲಿ ಚೆಟ್ಟಿಯಾರ್, ಗೋವೆಯ ದೈವಜ್ಞರಲ್ಲಿ ಶೇಟ್, ಗುಜರಾತದಲ್ಲಿ ಶೇಠ್. ಬೇಸಾಯದವರು, ನೇಯ್ಗೆಯವರು, ಅಕ್ಕಸಾಲೆಗಳು, ವರ್ತಕರು ಎಲ್ಲರೂ ಇದರೊಳಗಿದ್ದಾರೆ. ಇವರೆಲ್ಲರಿಗೂ ಒಬ್ಬನೇ ಮೂಲಪುರುಷನನ್ನು ಹುಡುಕುವುದು, ಊರೂರಿನ ಶಾನುಭೋಗರೆಲ್ಲರನ್ನೂ ಒಬ್ಬನ ಮಕ್ಕಳೆಂದು ಸಾಧಿಸಿದಂತೆ.

ವಂಶವಾಹಿಗಳ ಪರೀಕ್ಷೆಯ ಮಾತನ್ನು ಇಲ್ಲಿಯೇ ವಿಚಾರಿಸಬಹುದು. ಗಂಡಸಿನ ‘ವೈ’ ವರ್ಣತಂತುವು ತಂದೆಯಿಂದ ಮಗನಿಗೆ ಸಾಗುತ್ತದೆ; ಮೈಟೊಕಾಂಡ್ರಿಯದ ವಂಶವಾಹಿಯು ತಾಯಿಯಿಂದ ಮಕ್ಕಳಿಗೆ ಬರುತ್ತದೆ. ಇಂಗ್ಲೆಂಡಿನಂತೆ ಉಪನಾಮವು ತಂದೆಯಿಂದ ಮಗನಿಗೆ ಶತಮಾನಗಳ ಕಾಲ ಬಂದ ದೇಶದಲ್ಲಿ ಉಪನಾಮಕ್ಕೂ ‘ವೈ’ ವರ್ಣತಂತುವಿಗೂ ಹೊಂದಿಕೆಯನ್ನು ಅರಸುವುದು ಯುಕ್ತವೇ. ಬ್ರಯಾನ್ ಸೈಕ್ಸ್ ಅವರು 2000ದಲ್ಲಿ ತಮ್ಮದೇ ಉಪನಾಮದ 48 ಪುರುಷರನ್ನು ಪರೀಕ್ಷಿಸಿ, ಹೆಚ್ಚುಕಡಮೆ ಅರ್ಧದಷ್ಟು ಮಂದಿಯಲ್ಲಿ ಒಂದೇ ಮಾದರಿಯನ್ನು ಕಂಡರು. ಆದರೆ ಕಿಂಗ್ ಮತ್ತು ಜಾಬ್ಲಿಂಗ್ ಅವರು 2009ರಲ್ಲಿ 40 ಬ್ರಿಟಿಷ್ ಉಪನಾಮಗಳನ್ನು ಪರಿಶೀಲಿಸಿದಾಗ, ವಿರಳವಾದ ಉಪನಾಮಗಳಲ್ಲಿ ಮಾತ್ರ ಸಮಾನಮೂಲವು ಎದ್ದು ಕಂಡಿತು. ಕಮ್ಮಾರನೆಂಬ ಅರ್ಥದ ಸ್ಮಿತ್ ಎಂಬ ಅತಿಸಾಮಾನ್ಯ ಉಪನಾಮದವರು ಬೇರೆ ಬೇರೆ ಹೆಸರಿನವರಷ್ಟೇ ಪರಸ್ಪರ ದೂರದವರಾಗಿದ್ದರು. ಕಸುಬಿನ ಹೆಸರು ಊರಿಗೊಂದರಂತೆ ಹುಟ್ಟುತ್ತದೆ. ನಮ್ಮ ಸೆಟ್ಟಿಯೂ ಸ್ಮಿತ್ತನ ಜೊತೆಯವನೇ.

ತುಳುನಾಡಿನಲ್ಲಂತೂ ಈ ಪರೀಕ್ಷೆಯ ಆಧಾರವೇ ಕುಸಿಯುತ್ತದೆ. ಅಲ್ಲಿಯ ಬಂಟರೂ, ಇಂದ್ರರನ್ನು ಬಿಟ್ಟರೆ ಜೈನರೂ ಅಳಿಯಸಂತಾನದವರು. ಬಳಿಯು ತಾಯಿಯಿಂದ ಬರುತ್ತದೆ. ಮನೆಯ ಯಜಮಾನಿಕೆಯು ಮಾವನಿಂದ ಸೋದರಳಿಯನಿಗೆ ಸಲ್ಲುತ್ತದೆ. ಪಟ್ಟದ ಹೆಸರೂ ಈ ಕ್ರಮದಲ್ಲಿ ಇಳಿದಲ್ಲಿ ಏನಾಗುತ್ತದೆಂಬುದನ್ನು ನೋಡಿರಿ. ಅಳಿಯನ ‘ವೈ’ ವರ್ಣತಂತುವು ಮಾವನದಲ್ಲ, ಬೇರೆ ಬಳಿಯವನಾದ ಅವನ ತಂದೆಯದು. ಪ್ರತಿ ತಲೆಮಾರಿನಲ್ಲಿಯೂ ಅದು ಬದಲಾಗುತ್ತ ಹೋಗುತ್ತದೆ. ಮಾವ ಅಳಿಯಂದಿರಲ್ಲಿ ಸಮಾನವಾಗಿರುವುದು ಮೈಟೊಕಾಂಡ್ರಿಯದ ಧಾರೆ ಮಾತ್ರ. 1949ರ ಮದರಾಸು ಅಳಿಯಸಂತಾನ ಕಾಯಿದೆ, 1956ರ ಹಿಂದೂ ಉತ್ತರಾಧಿಕಾರ ಕಾಯಿದೆಗಳ ತರುವಾಯ ಬಲಗೊಂಡ ತಂದೆಯ ಕಡೆಯ ರೂಢಿಯನ್ನು ಹಿಂದಿನ ಐನೂರು ವರ್ಷಗಳ ಮೇಲೆ ಹೇರಿ ‘ಪಿತೃವಂಶ’ವನ್ನು ಕಟ್ಟುವುದು ಆ ನಾಡಿನ ಕಟ್ಟುಕಟ್ಟಳೆಗಳನ್ನೇ ಅಲಕ್ಷಿಸಿದಂತೆ. ತುಳುನಾಡಿನ ವಂಶಚರಿತ್ರೆಯನ್ನು ಬರೆಯುವವರು ಉಪನಾಮವನ್ನು ಬದಿಗಿಟ್ಟು ಬಳಿಯನ್ನು ಹಿಡಿಯಬೇಕು.

ವಂಶವಾಹಿ ವಿಜ್ಞಾನಕ್ಕೆ ಈ ವಿಷಯದಲ್ಲಿ ಹೇಳಲು ಏನೂ ಇಲ್ಲವೆಂದು ಇದರ ಅರ್ಥವಲ್ಲ. ಅದು ಹೇಳುವುದು ಉಪನಾಮದ ವಿಚಾರವನ್ನಲ್ಲ, ಒಳಬಾಂಧವ್ಯದ ವಿಚಾರವನ್ನು. ರೈಕ್, ತಂಗರಾಜ್ ಮೊದಲಾದವರ 2009ರ ಅಧ್ಯಯನದಲ್ಲಿ ಆಂಧ್ರದ ವೈಶ್ಯರು ಎರಡು ಸಾವಿರ ವರ್ಷಗಳಿಗೂ ಮೇಲ್ಪಟ್ಟು ಹೊರಗಿನ ಮಿಶ್ರಣವಿಲ್ಲದೆ ತಮ್ಮೊಳಗೇ ಸಂಬಂಧ ಬೆಳೆಸಿಕೊಂಡು ಬಂದವರೆಂದು ತಿಳಿದುಬಂದಿತು. ಇದರ ಪರಿಣಾಮವು ಕೇವಲ ಪಾಂಡಿತ್ಯಕ್ಕೆ ಸಂಬಂಧಿಸಿದುದಲ್ಲ. ಶಸ್ತ್ರಚಿಕಿತ್ಸೆಯಲ್ಲಿ ಸ್ನಾಯುಗಳನ್ನು ಸಡಿಲಿಸಲು ಕೊಡುವ ಒಂದು ಬಗೆಯ ಔಷಧವನ್ನು ಕರಗಿಸುವ ಕಿಣ್ವದ ಕೊರತೆಯು ಅವರಲ್ಲಿ ಇತರರಿಗಿಂತ ಹೆಚ್ಚು. ಅಂತಹವರಿಗೆ ಆ ಔಷಧ ಕೊಟ್ಟರೆ ಉಸಿರಾಟವೇ ಬಹಳ ಹೊತ್ತು ನಿಲ್ಲಬಹುದು. ವೈದ್ಯನು ಉಪನಾಮವನ್ನೇ ನಂಬಿದನೆಂದು ಭಾವಿಸೋಣ. ಬಂಟರ ಶೆಟ್ಟಿಯೊಬ್ಬನನ್ನು ವೃಥಾ ಶಂಕಿಸುತ್ತಾನೆ. ‘ಗುಪ್ತ’ ಎಂದು ಬರೆಯಿಸಿಕೊಂಡ ವೈಶ್ಯನನ್ನು ಶಂಕಿಸದೆ ಬಿಡುತ್ತಾನೆ. ಹೆಸರನ್ನು ಕುಲವೆಂದು ತಿಳಿಯುವ ಭ್ರಾಂತಿಯು ಪ್ರಾಣಕ್ಕೂ ಎರವಾಗಬಲ್ಲುದು.

ನಮ್ಮ ಕೆಲಸಕ್ಕೆ ಮರಳೋಣ. ವಿವರಣಾತ್ಮಕ ಸೂಚಿಯೊಂದರಲ್ಲಿ ಪ್ರತಿಯನ್ನು ಬರೆಯಿಸಿದವರನ್ನೆಲ್ಲ ಉಪನಾಮದ ಅಕಾರಾದಿಯಲ್ಲಿ ಜೋಡಿಸಿ, ‘ಸೆಟ್ಟಿ ಮನೆತನ’ ಎಂಬ ಶೀರ್ಷಿಕೆಯಡಿಯಲ್ಲಿ ಬೇರೆ ಬೇರೆ ಶತಮಾನಗಳ ಹನ್ನೆರಡು ಮಂದಿಯನ್ನು ಸೇರಿಸಿದುದನ್ನು ನೋಡಿದ್ದೇನೆ. ಸಂಕಲನಕಾರರ ಶ್ರಮದಲ್ಲಿ ಸಂದೇಹವಿಲ್ಲ. ಆದರೆ ಇಂತಹ ಮನೆತನವು ಆ ಸೂಚಿಯ ಹೊರಗೆ ಎಲ್ಲಿಯೂ ಇರಲಿಲ್ಲ. ಮುಂದೆ ಅದನ್ನು ನೋಡಿ ವಂಶಾವಳಿಯನ್ನು ಬರೆಯುವವನನ್ನು ದೂರಿ ಫಲವೇನು? ಪ್ರಶಸ್ತಿಯಲ್ಲಿರುವ ವ್ಯಕ್ತಿನಾಮವನ್ನು ಮೊದಲಿಗೆ ಕೊಟ್ಟು, ಪದವಿಯನ್ನು ಬೇರೆಯಾಗಿ ತೋರಿಸಿ, ಊರು, ತಾಯಿತಂದೆಗಳು, ಬಳಿ ಅಥವಾ ಗೋತ್ರ, ಗುರುವಿನ ಗಣಗಚ್ಛಗಳು ಯಾವುವು ಉಕ್ತವಾಗಿವೆಯೋ ಅಷ್ಟನ್ನು ಮಾತ್ರ ದಾಖಲಿಸುವುದು ಸರಿಯಾದ ಕ್ರಮ. ಗುರುಪರಂಪರೆಯನ್ನು ಪ್ರಶಸ್ತಿಕಾರರು ಎಷ್ಟು ಎಚ್ಚರದಿಂದ ಹೇಳುತ್ತಾರೆಂಬುದನ್ನು ನಾವೆಲ್ಲರೂ ಬಲ್ಲೆವು. ದಾನಿಯ ಪಿತೃಪರಂಪರೆಯಲ್ಲಿ ಅವರಿಗೆ ಅಷ್ಟು ಆಸ್ಥೆಯಿರಲಿಲ್ಲ. ಮೂಡುಬಿದಿರೆಯ ಮಹಾಬಂಧದ ಪ್ರತಿಯನ್ನು ಶ್ರೀಪಂಚಮಿ ನೋಂಪಿಯ ಉದ್ಯಾಪನೆಗಾಗಿ ಬರೆಯಿಸಿ ಮಾಘನಂದಿ ಮುನಿಗಳಿಗೆ ಸಮರ್ಪಿಸಿದ ಮಲ್ಲಿಕಬ್ಬೆಯು ಶಾಂತಿಸೇನನ ಮಡದಿಯೆಂದು ತಿಳಿದುಬರುತ್ತದೆ. ಅವಳನ್ನು ಸೂಚಿಯ ಮಕಾರದಲ್ಲಿ ಮಲ್ಲಿಕಬ್ಬೆಯೆಂದೇ ಸೇರಿಸಬೇಕು.